ಒನ್ಸ್ ಮೋರ್

ಆಫ್ರಿಕಾದ ನಾಟಕವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಹೋದ ವರ್ಷ ಕುರುಗೋಡಿನಲ್ಲಿ ಆಡಿದೆವು. ಆ ನಾಟಕದ ದೇಶದವನೇ ಆದ ವಿದ್ಯಾರ್ಥಿಯೊಬ್ಬ ಬಳ್ಳಾರಿಯಲ್ಲಿ ಓದುತ್ತಿದ್ದ. ಅವನನ್ನು ಅತಿಥಿಯಾಗಿ ನಾನೇ ಕರೆದೊಯ್ದಿದ್ದೆ.

ನಾಟಕ ಮುಗಿದಾಗ ನಮ್ಮ ಸಂಘದ ಅಧ್ಯಕ್ಷರು ಅವನ ಕೈಗೆ ಮೈಕು ಕೊಟ್ಟರು. "ಇಂಗ್ಲಿಷ್ ಬ್ಯಾಡಪಾ. ನಿಮ್ಮ ಭಾಷಿಯೊಳಗ ಎರಡು ಮಾತು ಆಡು." ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ತನಗೆ ಆ ಭಾಷೆ ಈಗ ಬರುವುದಿಲ್ಲ ಎಂದು ಅವನು ನನ್ನ ಕಿವಿಯಲ್ಲಿ ಉಸುರಿದ. ಅಧ್ಯಕ್ಷರಿಗೆ ತಿಳಿಸಿದರೆ, "ಏನರ ಒದರಲಿ ಬಿಡ್ರಿ, ಇಲ್ಲಿ ಯಾರಿಗೆ ತಿಳಿತೈತಿ?" ಅಂದರು.

ಅವನು ಒಂದು ಮಾತು ಹೇಳಿದ. ಹಿಡಿಸಿದ್ದನ್ನು ಒಂದೇ ಸಲಕ್ಕೆ ಬಿಡುವ ಜನವಲ್ಲ ನಮ್ಮದು. ರಂಗಗೀತೆಗೆ ಕೂಗುವ ಹಾಗೆ "ಒನ್ಸ್ ಮೋರ್" ಎಂದು ಕೂಗಿದರು. ಮತ್ತೆ ಹೇಳಿದ. ಸಿಳ್ಳೆ ಬಿತ್ತು. ಸಿರುಗುಪ್ಪದ ಹಾರ್ಮೋನಿಯಂ ಮಾಸ್ತರರಂತೂ ಅದಕ್ಕೆ ಸುರ ಕೂಡಿಸಿ ಮೂರನೆಯ ಸಲವೂ ಹೇಳಿಸಿದರು.

ಬಳ್ಳಾರಿಗೆ ಮರಳುವಾಗ ಕಾರಿನಲ್ಲಿ ಆ ಮಾತಿನ ಅರ್ಥ ಕೇಳಿದೆ. ಬ್ರಿಟಿಷರು ಹೋದರೂ ಅವರ ಬೆತ್ತ ಬಿಡದ ಶಾಲೆ ಅವನದು. ಅಲ್ಲಿ ಮನೆಮಾತು ಆಡಿದರೆ ಏಟು. "ಹೊಡೀಬೇಡಿ, ಇನ್ನು ಈ ಭಾಷೆ ಆಡೋದಿಲ್ಲ" ಎಂದು ಅರ್ಥವಂತೆ. ಅವನಲ್ಲಿ ಉಳಿದಿರುವುದು ಅಷ್ಟೇ.

ಹಾಗೆ ಬೇಡಿಕೊಂಡದ್ದೂ ಆ ಭಾಷೆಯಲ್ಲೇ ಎಂದು ಅವತ್ತು ಇನ್ನೂ ನಾಲ್ಕು ಬಾರಿಸಿದ್ದರಂತೆ.