ದೊಡ್ಡವ್ವ ಮಾಳಿಗೆ ಹತ್ತಿ ಕೂಗಿದ ಶಾಲೆಯ ಸುದ್ದಿ

ಶಾಲೆಯೆಂದರೆ ಹೆಚ್ಚಿನವರಿಗೆ ಸೀಮೆಸುಣ್ಣದ ವಾಸನೆ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಕುರಿಹಿಕ್ಕೆಯ ವಾಸನೆ. ಮೊನ್ನೆ ಹೊಸದುರ್ಗದಿಂದ ಹೊಳಲ್ಕೆರೆಗೆ ಬರುವಾಗ ಬಸ್ಸು ಕೆಟ್ಟು ಹೊಲವೊಂದರ ಬದಿಗೆ ನಿಂತಿತು. ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಬಿಸಿಲಿಗೆ ಕಾದ ಹಿಕ್ಕೆ, ಬೆವೆತ ಉಣ್ಣೆ, ಮರಿಗಳ ಬಾಯಂಚಿನ ಹಾಲು ಎಲ್ಲ ಬೆರೆತ ಗಾಳಿ ಕಿಟಕಿಯಿಂದ ನುಗ್ಗಿತು. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನಾನು ಎದೆ ತುಂಬ ಎಳೆದುಕೊಂಡೆ. ಎಷ್ಟೋ ವರ್ಷಗಳಿಂದ ಹೇಳಿರದ ಎರಡರ ಮಗ್ಗಿ ತಾನಾಗಿ ನಾಲಿಗೆಗೆ ಬಂತು. ಕುರಿರೊಪ್ಪದಲ್ಲಿ ಅಕ್ಷರ ಕಲಿತವಳು ನಾನು. ಈ ಮಾತು ಕೇಳಿ ಯಾರಾದರೂ ಅಯ್ಯೋ ಪಾಪ ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಶ್ರೀರಾಂಪುರದಲ್ಲಿ ಬಸ್ಸಿಳಿದು ಕಾಲುದಾರಿ ಹಿಡಿದರೆ ಸಿಗುತ್ತಿದ್ದ ಪುಟ್ಟ ಹಟ್ಟಿ ನಮ್ಮದು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಅಲ್ಲಿದ್ದುದೆಲ್ಲ ಮಣ್ಣಿನ ಮಾಳಿಗೆಯ ಮನೆಗಳು. ಒಂದರ ಹೆಗಲಿಗೆ ಇನ್ನೊಂದು ಹೆಗಲು ಕೊಟ್ಟು ನಿಂತಿದ್ದರಿಂದ ನಮ್ಮ ಮಾಳಿಗೆ ಹತ್ತಿದರೆ ನೆಲಕ್ಕೆ ಕಾಲಿಡದೆ ಊರ ಕೊನೆಯ ಮನೆಯವರೆಗೂ ಹೋಗಬಹುದಿತ್ತು. ಒಳಗೆ ಬೇಸಿಗೆಯಲ್ಲೂ ತಂಪು. ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಬೆಳಿಗ್ಗೆ ಬೀಸುವ ಕಲ್ಲಿನ ಮೇಲಿದ್ದರೆ ಮಧ್ಯಾಹ್ನಕ್ಕೆ ಕಂಬಳಿಗಳ ರಾಶಿಯ ಮೇಲೆ ಕೂರುತ್ತಿತ್ತು. ಮನೆಗೆ ಅಂಟಿಕೊಂಡೇ ಕುರಿರೊಪ್ಪ: ಆಳೆತ್ತರದ ಕಲ್ಲಿನ ಗೋಡೆ, ಅದರ ಮೇಲೆ ಜಾಲಿಮುಳ್ಳು, ಅರ್ಧ ಭಾಗಕ್ಕೆ ತೆಂಗಿನ ಸೋಗೆಯ ಮರೆ. ಸುಗ್ಗಿ ಮುಗಿದ ಮೇಲೆ ಅಪ್ಪ, ದೊಡ್ಡಪ್ಪ ಕುರಿ ಹೊಡೆದುಕೊಂಡು ಗದ್ದೆ ಸೀಮೆಯ ಕಡೆ ಹೋದರೆ ಮುಂಗಾರು ಬೀಳುವ ತನಕ ರೊಪ್ಪ ಖಾಲಿ. ಮನೆಯಲ್ಲಿ ಅವ್ವ, ನಾನು, ಮತ್ತು ಎಲ್ಲರಿಗೂ ಯಜಮಾನಿಯಾಗಿದ್ದ ದೊಡ್ಡವ್ವ. ನಿಮ್ಮ ಬಾಲ್ಯದಲ್ಲೂ ಅಂಥವಳೊಬ್ಬಳು ಇದ್ದಿರಬೇಕು. ಅವಳು ಕೆಮ್ಮಿದರೆ ಮಕ್ಕಳು ನೆಟ್ಟಗೆ ಕೂರುತ್ತಿದ್ದವು, ಅವಳು ನಕ್ಕರೆ ಮನೆಯೇ ಸಡಿಲವಾಗುತ್ತಿತ್ತು.

ದೊಡ್ಡವ್ವನ ಹೆಸರು ಕೆಂಚಮ್ಮ. ಚಿಕ್ಕಂದಿನಲ್ಲಿ ಗುಡ್ಡದಲ್ಲಿ ಕುರಿ ಕಾಯ್ದವಳು. ಈ ಗುಡ್ಡದಲ್ಲಿ ನಿಂತು ಕರೆದರೆ ಆ ಗುಡ್ಡದ ಕುರಿ ತಲೆಯೆತ್ತಬೇಕು, ಅಂಥ ಕಂಠ. ನಮ್ಮ ಹಟ್ಟಿಯ ಶಾಲೆಗೆ ಸರೋಜಮ್ಮ ಎಂಬ ಟೀಚರು ಬಂದ ಹೊಸತರಲ್ಲಿ ಅವರು ಮನೆಮನೆಗೆ ಚೀಟಿ ಕಳಿಸುತ್ತಿದ್ದರು. ಓದುವವರಿಲ್ಲದೆ ಆ ಚೀಟಿಗಳು ಎಲೆಅಡಿಕೆ ಕಟ್ಟಲು ಹೋಗುತ್ತಿದ್ದವು. ಒಂದು ದಿನ ಟೀಚರು ನಮ್ಮ ಜಗಲಿಯಲ್ಲಿ ಕೂತು ತಮ್ಮ ಕಷ್ಟ ಹೇಳಿಕೊಂಡರು. ದೊಡ್ಡವ್ವ, "ಅಷ್ಟೇ ತಾನೆ? ನಂಗೇಳ್ರಿ, ನಾ ಕೂಗ್ತೀನಿ" ಅಂದಳು. ಅಂದಿನಿಂದ ಹೊತ್ತು ಮುಳುಗುವಾಗ, ಹೆಂಗಸರು ಹೊಲದಿಂದ ಬಂದು ಒಲೆ ಹೊತ್ತಿಸುವ ವೇಳೆಗೆ, ಅವಳು ಏಣಿ ಹತ್ತಿ ಮಾಳಿಗೆಯ ಅಂಚಿಗೆ ನಿಲ್ಲುತ್ತಿದ್ದಳು. "ಏ ಕೇಳ್ರಪ್ಪೋ! ನಾಳೆ ಇಸ್ಕೂಲಿಗೆ ಸೂಜಿ ಹಾಕೋರು ಬರ್ತಾರೆ. ಮಕ್ಕಳ್ನ ಕಣಜದಾಗೆ ಬಚ್ಚಿಡಬ್ಯಾಡ್ರಿ, ನಾನೇ ಬಂದು ಎಳ್ಕಂಡು ಹೋಗ್ತೀನಿ!" ಹೋದ ವಾರ ಯಾರ ಮಗಳು ಚೆನ್ನಾಗಿ ಓದಿದಳು, ಯಾರ ಮಗ ಹೇನು ತುಂಬಿಕೊಂಡು ಬಂದ, ಸ್ವಾತಂತ್ರ್ಯದ ದಿನಕ್ಕೆ ಯಾರು ಹೂವು ತರಬೇಕು, ಎಲ್ಲ ಸುದ್ದಿಯೂ ಹೊಗೆಯೊಂದಿಗೆ ಮನೆಗಳ ಮೇಲೆ ಹರಡುತ್ತಿತ್ತು. ಟೀಚರು ಹೇಳಿದ್ದಕ್ಕೆ ತನ್ನದೊಂದು ಮಾತು ಸೇರಿಸದೆ ಅವಳು ಇಳಿಯುತ್ತಿರಲಿಲ್ಲ.

ಹಾಗೆ ಸೇರಿಸಿದ ಒಂದು ಮಾತೇ ಗಲಾಟೆಗೆ ಕಾರಣವಾಯಿತು. ಆಗ ಶಾಲೆ ನಡೆಯುತ್ತಿದ್ದುದು ಪಟೇಲರ ಹಳೆಯ ಉಗ್ರಾಣದಲ್ಲಿ. ಅವರ ಮನೆಯ ಎಮ್ಮೆಗಳನ್ನು ಕಾಯುತ್ತಿದ್ದವಳು ರತ್ನಿ, ನನ್ನ ವಯಸ್ಸಿನವಳು. ನಾವು ಮಗ್ಗಿ ಹೇಳುವಾಗ ಎಮ್ಮೆಗಳ ಹಿಂದೆ ಹೋಗುತ್ತ ತಿರುತಿರುಗಿ ನೋಡುತ್ತಿದ್ದಳು. ದನ ಕಾಯುವ ಮಕ್ಕಳನ್ನೂ ಶಾಲೆಗೆ ಕಳಿಸಬೇಕೆಂದು ಟೀಚರು ಹೇಳಿಕಳಿಸಿದ್ದರು. ದೊಡ್ಡವ್ವ ಅದನ್ನು ಕೂಗಿ, ಉಸಿರು ತೆಗೆದುಕೊಂಡು, "ಪಟೇಲ್ರೆ, ಕೇಳುಸ್ತೇನಪ್ಪ? ನಿಮ್ಮನೆ ಎಮ್ಮೆ ಕಾಯೋ ರತ್ನೀನೂ ಕಳಿಸ್ಬೇಕಂತೆ!" ಅಂದುಬಿಟ್ಟಳು. ಯಾವುದೋ ಮಾಳಿಗೆಯಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗು ಊರೆಲ್ಲ ಹಬ್ಬಿತು.

ಮರುದಿನ ಉಗ್ರಾಣಕ್ಕೆ ಬೀಗ. ಕಡಲೆಕಾಯಿ ತುಂಬಬೇಕು, ಶಾಲೆಗೆ ಬೇರೆ ಜಾಗ ನೋಡಿಕೊಳ್ಳಿ ಎಂದು ಪಟೇಲರು ಹೇಳಿಸಿದ್ದರು. ಜಾಗ ಎಲ್ಲಿತ್ತು? ಟೀಚರು ಹುಣಸೆ ಮರದ ಕೆಳಗೆ ನಮ್ಮನ್ನು ಕೂರಿಸಿಕೊಂಡು ಎರಡು ದಿನ ನೋಡಿದರು. ಬಿಸಿಲು, ಗಾಳಿ, ಹಾಯುವ ದನ. ಶನಿವಾರ ಸಂಜೆ ನಮ್ಮ ಮನೆಗೆ ಬಂದು ದೊಡ್ಡವ್ವನ ಮುಖ ನೋಡದೆ, "ಸೋಮವಾರದಿಂದ ಶಾಲೆ ಇರೋದಿಲ್ಲ ಅಂತ ಕೂಗಿಬಿಡಿ ಕೆಂಚಮ್ಮ. ಜಾಗ ಸಿಕ್ಕಿದ ಮೇಲೆ ನೋಡೋಣ" ಅಂದರು. ಅವರ ಕಣ್ಣು ತುಂಬಿತ್ತು. ದೊಡ್ಡವ್ವ ಏಣಿ ಹತ್ತಿದಳು. ನಾವು ಅಂಗಳದಲ್ಲಿ ಕತ್ತೆತ್ತಿ ನಿಂತಿದ್ದೆವು. ಅವಳು ಒಮ್ಮೆ ನಮ್ಮ ರೊಪ್ಪದ ಕಡೆ ತಿರುಗಿ ನೋಡಿದಳು. ಆಮೇಲೆ ಗುಡ್ಡಕ್ಕೆ ಕೇಳುವಂತೆ ಕೂಗಿದಳು: "ಏ ಕೇಳ್ರಪ್ಪೋ! ಸೋಮವಾರದಿಂದ ಇಸ್ಕೂಲು ನಮ್ಮ ಕುರಿರೊಪ್ಪದಾಗೆ ನಡೀತೈತೆ! ಮಕ್ಕಳ್ಗೆ ಮೈ ತೊಳ್ದು ಕಳಿಸ್ರಿ. ನಾಳೆ ಹೆಂಗಸ್ರೆಲ್ಲ ಪೊರಕೆ ಹಿಡ್ಕಂಡು ಬರ್ರಿ!" ಟೀಚರು ಬಾಯಿಗೆ ಕೈ ಅಡ್ಡ ಹಿಡಿದು ಅತ್ತರೋ ನಕ್ಕರೋ ನನಗೆ ತಿಳಿಯಲಿಲ್ಲ.

ಕುರಿಗಳು ಗದ್ದೆ ಸೀಮೆಗೆ ಹೋಗಿ ರೊಪ್ಪ ಖಾಲಿಯಿದ್ದ ಕಾಲ ಅದು. ಭಾನುವಾರ ಹೆಂಗಸರು ಬಂದರು. ಪಟೇಲರ ಹೊಲದ ಕೂಲಿಗೆ ಹೋಗುತ್ತಿದ್ದವರೂ ಬಂದರು, ನಾಳೆ ಕೆಲಸವಿಲ್ಲ ಅಂದಾರೆಂಬ ಭಯ ಇಟ್ಟುಕೊಂಡೇ ಬಂದರು. ಗೋಣಿಚೀಲಗಟ್ಟಲೆ ಹಿಕ್ಕೆ ಬಾಚಿ ತಿಪ್ಪೆಗೆ ಹಾಕಿದರು. ಸಗಣಿ ನೀರಿನಲ್ಲಿ ನೆಲ ಸಾರಿಸಿದರು. ಗೋಡೆಯ ಒಂದು ಬದಿಗೆ ಮಣ್ಣು ಮೆತ್ತಿ ಇದ್ದಿಲಪುಡಿ ಬಳಿದು ಕಪ್ಪು ಹಲಗೆ ಮಾಡಿಕೊಟ್ಟಳು ನನ್ನವ್ವ. ಸೋಮವಾರ ಬೆಳಿಗ್ಗೆ ನಾವು ಗೋಣಿತಾಟಿನ ಮೇಲೆ ಕೂತು ಹಾಡಿದ ಪ್ರಾರ್ಥನೆ ಪಟೇಲರ ಪಡಸಾಲೆಗೂ ಕೇಳಿರಬೇಕು. ಕೇಳಲೆಂದೇ ಗಂಟಲು ಹರಿಯುವಂತೆ ಹಾಡಿದ್ದೆವು.

ಕೆಲವು ದಿನಗಳಾದ ಮೇಲೆ ರತ್ನಿ ಬಂದಳು. ಎಮ್ಮೆಗಳನ್ನು ಕಟ್ಟಿಹಾಕಿ, ಯಾರಿಗೂ ಹೇಳದೆ ಬಂದು ನನ್ನ ಪಕ್ಕ ಕೂತಳು. ಅವಳ ಅಂಗೈ ತುಂಬ ಹಗ್ಗದ ಗೀರು. ನನ್ನ ಸ್ಲೇಟು ಕೊಟ್ಟೆ. ಅವಳು ಅ ಬರೆಯುವಷ್ಟರಲ್ಲಿ ಪಟೇಲರೇ ಬಂದರು. ರೊಪ್ಪಕ್ಕೆ ಇದ್ದುದು ಒಂದೇ ಬಾಗಿಲು. ಅದರಲ್ಲಿ ದೊಡ್ಡವ್ವ ರಾಗಿ ಕೇರುವ ಮೊರ ಹಿಡಿದು ಕೂತಿದ್ದಳು. ಎದ್ದು ನಿಂತಳು, ದಾರಿ ಬಿಡಲಿಲ್ಲ.

"ಆ ಹುಡುಗೀನ ಕಳ್ಸಮ್ಮ ಆಚೆ. ಎಮ್ಮೆ ಅರಚ್ತಾ ಅವೆ" ಅಂದರು ಪಟೇಲರು.

"ಎಮ್ಮೆ ನಿಮ್ಮವು, ನೀವೇ ಹೊಡ್ಕಂಡು ಹೋಗ್ರಿ. ಒಳಗೆ ಬರಂಗಿದ್ರೆ ಬರ್ರಿ, ಜಾಗ ಐತೆ. ಕುಂತ್ಕಳ್ರಿ, ಮಗ್ಗಿ ಕೇಳ್ರಿ. ಕರ್ಕಂಡು ಹೋಗಾಕೆ ಮಾತ್ರ ಬಿಡಾಕಿಲ್ಲ."

"ಗಂಡಸ್ರು ಊರಿಗೆ ಬರ್ಲಿ, ಹೇಳ್ತೀನಿ."

"ಹೇಳ್ರಿ. ಅವ್ರಿಗೂ ಇದನ್ನೇ ಹೇಳ್ತೀನಿ."

ಪಟೇಲರು ತಿರುಗಿ ಹೋದರು. ರತ್ನಿಯ ಮನೆಯವರಿಗೆ ಅಲ್ಲಿಯ ಕೆಲಸ ತಪ್ಪಿತು. ದೊಡ್ಡವ್ವ ಅವಳ ತಾಯಿಯನ್ನು ನಮ್ಮ ಹೊಲದ ಕೆಲಸಕ್ಕೆ ಕರೆದಳು. ನಮಗೇ ಸಾಲದಿದ್ದ ಹಿಟ್ಟು ಆ ಬೇಸಿಗೆಯಲ್ಲಿ ಎರಡು ಮನೆಗೆ ಹಂಚಿಹೋಯಿತು. ಮುದ್ದೆ ಚಿಕ್ಕದಾಯಿತೆಂದು ನಾನು ಅತ್ತದ್ದುಂಟು.

ಮುಂಗಾರಿಗೆ ಗಂಡಸರು ಬಂದರು. ದೊಡ್ಡಪ್ಪ ಮಂದೆಯ ಮುಂದೆ ರೊಪ್ಪದ ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಕುರಿಗಳಿರಬೇಕಾದ ಕಡೆ ನಾವು ಕೂತಿದ್ದೆವು. "ಇದೇನೇ ಇದು? ತೋಳನ ಬಾಯಿಗೆ ಹಾಕ್ಲೇನು ಕುರೀನ?" ಎಂದು ಕೂಗಾಡಿದ. ದೊಡ್ಡವ್ವ, "ಕತ್ಲಾದ್ಮೇಲೆ ಕುರಿ ಕೂಡು. ಬೆಳಕು ಹರಿದ್ಮೇಲೆ ಮಕ್ಕಳು. ನಡುವೆ ಗುಡ್ಸೋದು ನಂದು" ಅಂದಳು. ಹಾಗೇ ಆಯಿತು. ಅವಳು ದಿನಾ ನಸುಕಿನಲ್ಲೆದ್ದು ಗುಡಿಸುತ್ತಿದ್ದಳು. ದೊಡ್ಡಪ್ಪ ಮುಖ ಗಂಟಿಕ್ಕಿಕೊಂಡೇ ತಿರುಗಿದ. ಒಂದು ಬೆಳಿಗ್ಗೆ ದೊಡ್ಡವ್ವನಿಗೆ ಚಳಿಜ್ವರ. ನಾನು ಪೊರಕೆ ಹುಡುಕುತ್ತ ಹೋದರೆ ದೊಡ್ಡಪ್ಪ ರುಮಾಲು ಸೊಂಟಕ್ಕೆ ಬಿಗಿದು ಗುಡಿಸುತ್ತಿದ್ದ. ನನ್ನನ್ನು ಕಂಡು, "ಏನ್ ನೋಡ್ತೀಯಲೇ, ಹೋಗಿ ಮುಖ ತೊಳ್ಕ, ಟೀಚರಮ್ಮ ಬರೋ ಹೊತ್ತಾತು" ಅಂದ.

ಕೆಲವು ವರ್ಷಗಳ ಮೇಲೆ ಸರ್ಕಾರದ ಹೆಂಚಿನ ಕಟ್ಟಡ ಊರಾಚೆ ಎದ್ದಿತು. ಈಗ ಆ ಮಾಳಿಗೆ ಮನೆಗಳು ಒಂದೂ ಇಲ್ಲ. ನಮ್ಮ ರೊಪ್ಪದ ಕಲ್ಲುಗಳು ಯಾರ್ಯಾರ ಪಾಯಕ್ಕೋ ಹೋದವು. ಸರೋಜಮ್ಮ ಟೀಚರು ವರ್ಗವಾಗಿ ಹೋದವರು ಮತ್ತೆ ಸಿಗಲಿಲ್ಲ. ಇದನ್ನೆಲ್ಲ ಹೇಳಿದರೆ ನಂಬುವವರೂ ಕಡಿಮೆ. ನಂಬದಿದ್ದರೆ ಬೇಡ. ರತ್ನಿ ನಂಬುತ್ತಾಳೆ. ಅವಳ ಕೈಬರಹ ನನ್ನದಕ್ಕಿಂತ ಗುಂಡಗಿದೆ.

ನಾನು ಸಿರಿಗೆರೆಯಲ್ಲಿ ಹೈಸ್ಕೂಲು ಓದುತ್ತಿದ್ದಾಗ ದೊಡ್ಡವ್ವ ತೀರಿಕೊಂಡಳು. ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಸಿದ್ಧವಾಗಿತ್ತು. ಊರಲ್ಲಿ ಹೆಣ ಎತ್ತುವ ತನಕ ಒಲೆ ಹೊತ್ತಿಸುತ್ತಿರಲಿಲ್ಲ, ಯಾರೂ ದನಿಯೆತ್ತುತ್ತಿರಲಿಲ್ಲ. ಆದರೆ ತಾನು ಸತ್ತ ದಿನ ಶಾಲೆಗೆ ರಜೆ ಕೊಡಕೂಡದೆಂದು ಅವಳು ಹೊಸ ಮೇಷ್ಟ್ರಿಂದ ಮಾತು ತೆಗೆದುಕೊಂಡಿದ್ದಳಂತೆ. ಹೊತ್ತವರು ಶಾಲೆಯ ಮುಂದೆ ಬಂದಾಗ ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಹಿರಿಯರೊಬ್ಬರಿಗೆ ಅದು ಸರಿಬರಲಿಲ್ಲ. "ಯಾರಾದ್ರೂ ಹೋಗಿ ಸುಮ್ಮನಿರಿಸ್ರಪ್ಪ, ಹೆಣ ಹೋಗ್ತೈತೆ" ಅಂದರು.

ಮುಂದೆ ನಡೆಯುತ್ತಿದ್ದ ದೊಡ್ಡಪ್ಪ ನಿಂತ.

"ಇನ್ನಾ ಜೋರಾಗಿ ಹೇಳಾಕೆ ಹೇಳ್ರಿ" ಅಂದ.