ಕಣ್ಣು ಮುಚ್ಚಿ ನಿಂತ ಬೆಳಿಗ್ಗೆ

ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಜಯನಗರದ ಬಾಡಿಗೆ ಮನೆಗೆ ಬಂದಿದ್ದೆ. ನಮ್ಮ ಬೀದಿಯಲ್ಲಿ ಆಗ ಇದ್ದದ್ದು ನಾಲ್ಕೇ ಮನೆ. ಆ ಚಳಿಗಾಲ ನನ್ನ ಪಾದಗಳಿಗೆ ನೆಲ ಮರೆತುಹೋಯಿತು. ಅಂಗಳದಲ್ಲಿ ನಡೆದರೆ ಹತ್ತಿಯ ಮೇಲೆ ತೇಲಿದ ಹಾಗೆ. ಚಪ್ಪಲಿ ಜಾರಿ ಹಿಂದೆ ಉಳಿದರೂ ಯಾರಾದರೂ ಕರೆದು ಹೇಳಬೇಕಿತ್ತು. ನಿಜ ಹೇಳಬೇಕೆಂದರೆ, ಮೊದಮೊದಲು ಅದು ಹಿತವಾಗಿಯೇ ಇತ್ತು.

ಒಂದು ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದವಳು ಹಾಗೇ ವಾಲಿ ಬಚ್ಚಲಲ್ಲಿ ಬಿದ್ದೆ. ಕೆಲಸ ತಪ್ಪಿಸಿಕೊಳ್ಳಲು ನಾನು ನೆಪ ಹೂಡುತ್ತೇನೆಂದು ಅಲ್ಲಿಯವರೆಗೆ ಅನುಮಾನಿಸುತ್ತಿದ್ದ ಅತ್ತೆ, ಅವತ್ತು ತಾವೇ ಜಟಕಾ ಕರೆಸಿ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಬೆರಳಿಂದ ಮೂಗಿನ ತುದಿ ಮುಟ್ಟಿಸಿದರು. ಅಂಗಾಲಿನ ಮೇಲೆ ಕೀಲಿಕೈ ಎಳೆದರು. ಆಮೇಲೆ ಕವಲೊಡೆದ ಉಕ್ಕಿನ ಕಡ್ಡಿಯೊಂದನ್ನು ಅಂಗೈಗೆ ತಟ್ಟಿ ನನ್ನ ಮಣಿಕಟ್ಟಿಗೆ ಇಟ್ಟರು. ಮೂಳೆಯೊಳಗೆ ಜೇನು ಗುಂಯ್‌ಗುಟ್ಟಿತು. ಅದನ್ನೇ ಕಾಲಿನ ಹೆಬ್ಬೆರಳಿಗಿಟ್ಟು, "ಈಗ?" ಅಂದರು.

"ತಣ್ಣಗಿದೆ, ಅಷ್ಟೇ."

"ಗುಂಯ್ ಅಂತಿಲ್ವಾ?"

"ಇಲ್ಲ ಸಾರ್."

ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಮುಚ್ಚಿದೊಡನೆ ಕೋಣೆಯೇ ದೋಣಿಯಾಯಿತು. ಡಾಕ್ಟರ ಕೈ ಆಗಲೇ ನನ್ನ ಭುಜದ ಹಿಂದಿತ್ತು. ಅತ್ತೆ ಹಾರಿ ಬಂದು ಸೊಂಟ ಹಿಡಿದಿದ್ದರು.

"ಇದೆಲ್ಲ ಯಾಕೆ ಸಾರ್? ತಲೆಸುತ್ತಿಗೆ ಔಷಧಿ ಕೊಡಬಾರ್ದಾ?" ಎಂದರು ಅತ್ತೆ.

"ತಲೆಸುತ್ತಲ್ಲಮ್ಮ. ಕಾಲು ಎಲ್ಲಿದೆ ಅನ್ನೋ ಸುದ್ದಿ ನರದಲ್ಲಿ ಹೊರಟು, ಬೆನ್ನುಹುರಿ ಹತ್ತಿ ಮೆದುಳಿಗೆ ಹೋಗ್ಬೇಕು. ಇವರದ್ದು ದಾರೀಲೇ ನಿಲ್ತಿದೆ. ಇಷ್ಟು ದಿನ ಕಣ್ಣಲ್ಲಿ ನೋಡ್ಕೊಂಡು ನಿಭಾಯಿಸಿದಾರೆ. ಒಳಗೆ ಬಿಚ್ಚಿ ನೋಡಕ್ಕಾಗಲ್ಲ, ಅದಕ್ಕೆ ಹೊರಗಿಂದ ಒಂದೊಂದೇ ಕೇಳಿ, ಎಲ್ಲಿ ನಿಂತಿದೆ ಅಂತ ಹುಡುಕ್ತೀವಿ."

ಅತ್ತೆ ಹೊರಡುವಾಗ ನಾಚುತ್ತಾ ಕುರ್ಚಿಯಲ್ಲಿ ಕೂತು, "ನಂದೂ ಒಂಚೂರು ನೋಡಿ" ಅಂದರು. ಡಾಕ್ಟರು ರಬ್ಬರ್ ಸುತ್ತಿಗೆಯಿಂದ ಮಂಡಿಯ ಕೆಳಗೆ ತಟ್ಟಿದರು. ಕಾಲು ತಾನಾಗಿ ಚಿಮ್ಮಿತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮದುವೆಯಾದ ಮೇಲೆ ಅವರ ನಗು ಕೇಳಿದ್ದು ಅದೇ ಮೊದಲು.

ರಕ್ತ ಪರೀಕ್ಷೆಯೂ ಆಯಿತು. ನನ್ನ ಹೊಟ್ಟೆ ಯಾವುದೋ ಒಂದು ವಿಟಮಿನ್ ಹೀರಿಕೊಳ್ಳುತ್ತಿರಲಿಲ್ಲವಂತೆ. ತಡಮಾಡಿದ್ದರೆ ನಡಿಗೆಯೇ ಹೋಗುತ್ತಿತ್ತು ಅಂದರು. ದಾಳಿಂಬೆ ರಸದ ಬಣ್ಣದ ಇಂಜೆಕ್ಷನ್ ಶುರುವಾಯಿತು. ದಿನವೂ ನಡೆಯಬೇಕೆಂಬ ಅಪ್ಪಣೆ ಬೇರೆ. ಸಂಜೆ ಅತ್ತೆ ನನ್ನ ತೋಳು ಹಿಡಿದು ಸಾರಕ್ಕಿ ಕೆರೆಯ ಏರಿಯವರೆಗೆ ಕರೆದೊಯ್ಯುತ್ತಿದ್ದರು. ನೀರಿನ ಮೇಲೆ ಮಂಜು, ಬೆಳ್ಳಕ್ಕಿಗಳು. ನಾವಿಬ್ಬರೂ ಮಾತಾಡುತ್ತಿದ್ದದ್ದು ಕಡಿಮೆ.

ತಿಂಗಳುಗಳ ಮೇಲೆ ಒಂದು ಸಂಜೆ, ಬರಿಗಾಲಲ್ಲಿ ಹೊಲ ದಾಟುವಾಗ ನಿಂತುಬಿಟ್ಟೆ.

"ಅತ್ತೆ, ಮಣ್ಣು ಹೆಂಟೆ ಹೆಂಟೆಯಾಗಿದೆ!"

"ಉತ್ತ ಹೊಲ ಮತ್ತೆ ನುಣ್ಣಗಿರತ್ತಾ?" ಅಂದರು. ಅಂದವರ ಕಣ್ಣು ತುಂಬಿತ್ತು.