ಕಾಶಿಗೆ ಹೋಗದ ಕಾರ್ತಿಕ

ನಮ್ಮ ತಂದೆಯ ತಾಯಿಯನ್ನು ಮನೆಮಂದಿಯೆಲ್ಲ ಆಯಿ ಎನ್ನುತ್ತಿದ್ದೆವು. ಅಕ್ಕಲಕೋಟದ ನಮ್ಮ ಮನೆಯಲ್ಲಿ ಅಪ್ಪ ಹೊಲ ನೋಡುತ್ತಿದ್ದ, ಅವ್ವ ಅಡುಗೆ ನೋಡುತ್ತಿದ್ದಳು, ಅವರಿಬ್ಬರನ್ನೂ ಆಯಿ ನೋಡುತ್ತಿದ್ದಳು. ಕಾಳುಕಡಿ, ಬೆಲ್ಲ, ತುಪ್ಪ ಇಡುವ ಕೋಣೆಯ ಕೀಲಿಕೈ ಆಯಿಯ ಸೊಂಟದಲ್ಲಿರುತ್ತಿತ್ತು. ಅವ್ವ ಆ ಮನೆಗೆ ಬಂದು ಎಷ್ಟೋ ವರ್ಷವಾಗಿದ್ದರೂ ಒಂದು ಹಿಡಿ ಶೇಂಗಾ ಬೇಕಾದರೆ ಕೇಳಿಯೇ ಪಡೆಯಬೇಕಿತ್ತು.

ನನಗೆ ಹದಿನಾಲ್ಕು ತುಂಬಿದ ವರ್ಷ. ದೀಪಾವಳಿ ಮುಗಿದ ನಾಲ್ಕೈದು ದಿನಕ್ಕೆ ಪಕ್ಕದ ಮನೆಯ ಹಿರಿಯಾಕೆ ಬಂದು ನಮ್ಮ ಪಡಸಾಲೆಯಲ್ಲಿ ಕೂತಳು. ಹಿಂದಿನ ಚಳಿಗಾಲ ಆಕೆ ಕಾಶಿಗೆ ಹೋಗಿ ಬಂದಿದ್ದಳು. ಗಂಗೆಯ ಮೇಲಿನ ಮಂಜು, ರೈಲಿನ ಕಿಟಕಿಯಿಂದ ಕಂಡ ಸಾಸಿವೆ ಹೊಲ, ಒದ್ದೆ ಸೀರೆಯಲ್ಲಿ ನಡುಗುತ್ತ ಹತ್ತಿದ ಮೆಟ್ಟಿಲು, ಎಲ್ಲವನ್ನೂ ನಾವು ಅದಾಗಲೇ ಹತ್ತು ಸಲ ಕೇಳಿದ್ದೆವು. ಆ ದಿನ ಹನ್ನೊಂದನೆಯ ಸಲ ಹೇಳಿ ಮುಗಿಸಿ, ಆಯಿಯ ಕಡೆ ನೋಡಿ, "ನಿಮಗ ಇನ್ನ ಆಗೂದಿಲ್ಲ ಬಿಡ್ರಿ. ಅಲ್ಲೀ ಥಂಡಿ ನಿಮಗ ತಡಕೊಳ್ಳಾಕ ಆಗೂದಿಲ್ಲ" ಎಂದಳು.

ಆಯಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು.

"ಯಾಕ ಆಗೂದಿಲ್ಲ? ಗೌರಿ ಹುಣ್ಣಿವಿ ಮುಗಿಯೂದ ತಡ, ನಾ ಹೊಂಟಾಕಿನ. ನೀ ಬೇಕಾದ್ರ ಟೇಶನ್ನಿಗೆ ಬಂದು ನೋಡು."

ಮಾತು ಅಷ್ಟೇ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಸೊಲ್ಲಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ನನ್ನ ಕಾಕಾ, ಅಪ್ಪನ ತಮ್ಮ, ಸುದ್ದಿ ತಿಳಿದು ಖುಷಿಪಟ್ಟು, ತನ್ನ ಪೇಟೆಯ ಹನ್ನೆರಡು ಮಂದಿಯ ತಂಡ ಅದೇ ಕಾರ್ತಿಕದಲ್ಲಿ ಹೊರಟಿದೆಯೆಂದೂ ಆಯಿಗೆ ಅದರಲ್ಲಿ ಜಾಗ ಹಿಡಿದಿದ್ದೇನೆಂದೂ ಪತ್ರ ಬರೆದ. ಆಮೇಲೆ ಜನ ಬರತೊಡಗಿದರು. ಒಬ್ಬಳು ಗಂಗೆಗೆ ಬಿಡಲು ತನ್ನ ಸತ್ತ ಮಗಳ ಬೆಳ್ಳಿ ಕಾಲುಂಗುರ ತಂದಳು. ಇನ್ನೊಬ್ಬಳು ಐದು ಮೊಮ್ಮಕ್ಕಳಿಗೆ ಕಾಶಿದಾರ ಬೇಕೆಂದಳು. ಹಳ್ಳಿಯಿಂದ ಬೀಗರು ಹೊಸ ಕೌದಿ ಹೊಲಿದು ಕಳಿಸಿದರು. ಒಬ್ಬ ಮುದುಕ ಬಂದು ಏನೂ ಕೊಡದೆ ಆಯಿಯ ಕಾಲು ಮುಟ್ಟಿ ಹೋದ. ಆಯಿ ಎಲ್ಲವನ್ನೂ ತೆಗೆದುಕೊಂಡು, ಎಲ್ಲರಿಗೂ ಹೂಂ ಎಂದು, ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದಳು. ಹೋಗುವ ಸಡಗರದಲ್ಲಿ ಗಂಭೀರಳಾಗಿದ್ದಾಳೆ ಎಂದು ನಾವು ತಿಳಿದೆವು.

ಜೊತೆಗೆ ಯಾರು ಹೋಗಬೇಕು ಎಂಬ ಮಾತು ಬಂದಾಗ ಆಯಿ ನನ್ನ ಕಡೆ ಕೈ ತೋರಿಸಿದಳು. ಅವ್ವನ ಮುಖ ಸಣ್ಣದಾಯಿತು.

"ಮುಂದಿನ ತಿಂಗಳ ಇಕೀನ್ನ ನೋಡಾಕ ದುಧನಿ ಕಡಿಂದ ಬರ್ತಾರಲ್ಲರಿ. ಅವರಿಗೆ ಏನ ಹೇಳೂನು?"

"ಕಾಶೀಗೆ ಹೋಗ್ಯಾಳ ಅಂತ ಹೇಳ್ರಿ. ಅದಕ್ಕಿಂತ ಛಲೋ ಮಾತ ಯಾವುದೈತಿ?"

ದುಧನಿಯ ಹತ್ತಿರದ ಒಂದು ಹಳ್ಳಿಯ ಆ ಮನೆಯವರು ಅವಸರದಲ್ಲಿದ್ದರು. ಮಾರ್ಗಶಿರದಲ್ಲಿ ಹುಡುಗಿ ನೋಡಿ ವೈಶಾಖದಲ್ಲಿ ಲಗ್ನ ಮುಗಿಸಬೇಕು, ಇಲ್ಲವಾದರೆ ಅವರಿಗೆ ಬೇರೊಂದು ಹುಡುಗಿ ಗೊತ್ತಿದ್ದಳು. ನಾನು ಅಲ್ಲಿರದಿದ್ದರೆ ಆ ಸಂಬಂಧ ತಾನಾಗಿಯೇ ತಪ್ಪುತ್ತಿತ್ತು. ನನಗೆ ಬೇಕಾದದ್ದೂ ಅದೇ. ಹುಡುಗ ಹೇಗಿದ್ದಾನೆ ಎಂದು ನನಗೆ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಡವಾಗಿತ್ತು. ನನ್ನ ಜೊತೆ ಮರಾಠಿ ಶಾಲೆಯ ನಾಲ್ಕನೆಯ ಇಯತ್ತೆಗೆ ಹೋಗುತ್ತಿದ್ದ ಗೆಳತಿ ಲಗ್ನವಾದ ವರ್ಷಕ್ಕೆ ಬಾಣಂತನಕ್ಕೆ ಬಂದಾಗ ನನ್ನ ಜೊತೆ ಮಾತಾಡಲು ಅವಳಲ್ಲಿ ಏನೂ ಉಳಿದಿರಲಿಲ್ಲ. ಒಂದು ತಿಂಗಳ ಪಯಣ ಎಂದರೆ ಇನ್ನೊಂದು ವರ್ಷ ನನ್ನದು. ಆಯಿಯ ಮಾತು ಕೇಳಿ ನಾನು ಹಿತ್ತಲಿಗೆ ಓಡಿ ಬಾವಿಯ ಸುತ್ತ ಎರಡು ಸುತ್ತು ಹಾಕಿದೆ.

ಹೊರಡಲು ಆರು ದಿನವಿದ್ದಾಗ ಒಂದು ಸಂಜೆ ನಾನು ದೀಪ ಹಚ್ಚಲು ಪಡಸಾಲೆಗೆ ಬಂದೆ. ಆಯಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

"ನಿಂತಿ ಯಾಕ? ಕೈಕಾಲ ತೊಳಕೊ, ರೊಟ್ಟಿ ಆಗ್ಯಾವ" ಎನ್ನುತ್ತಿದ್ದಳು.

ಅಲ್ಲಿ ಅಪ್ಪ ಇರಲಿಲ್ಲ. ಗೂಟಕ್ಕೆ ಅಪ್ಪನ ಕೋಟು, ಅದರ ಮೇಲೆ ಅವನ ರುಮಾಲು ಇತ್ತು. ನಾನು ನಕ್ಕುಬಿಟ್ಟೆ. ಆಯಿ ತಿರುಗಿ ನನ್ನ ದನಿ ಬಂದ ಕಡೆ ಕೈ ಚಾಚಿ, ಎರಡನೆಯ ಸಲಕ್ಕೆ ನನ್ನ ಮಣಿಕಟ್ಟು ಸಿಕ್ಕಿದಾಗ ಗಟ್ಟಿಯಾಗಿ ಹಿಡಿದಳು.

"ಯಾರಿಗೂ ಹೇಳಬ್ಯಾಡ."

"ಆಯಿ, ನಿನಗ ಕಾಣ್ಸೂದಿಲ್ಲೇನ?"

"ಹಗಲ ಹೊತ್ತ ಕಾಣಸ್ತೈತಿ. ಹೊತ್ತ ಮುಳುಗಿದ್ರ ಎಲ್ಲಾ ಹೊಗಿ ಹೊಗಿ. ಎರಡ ವರ್ಷ ಆತು."

ಎರಡು ವರ್ಷ ಅವಳು ಆ ಮನೆಯಲ್ಲಿ ನೆನಪಿನ ಮೇಲೆ ಓಡಾಡಿದ್ದಳು. ಹೇಳಲು ಯಾಕೆ ಹೆದರಿಕೆ ಎಂದು ಕೇಳಿದೆ. ಆಯಿ ತನ್ನ ಅತ್ತೆಯ ವಿಷಯ ಹೇಳಿದಳು. ಅತ್ತೆಯ ಕಣ್ಣು ಹೋದವು ಎಂದು ಗೊತ್ತಾದ ದಿನವೇ ಆಯಿ ಅವಳ ಸೊಂಟದಿಂದ ಕೀಲಿಕೈ ಬಿಚ್ಚಿಕೊಂಡಿದ್ದಳಂತೆ. ಆ ಮುದುಕಿ ಆಮೇಲೆ ಏಳು ವರ್ಷ ಮೂಲೆಯಲ್ಲಿ ಕೂತು, ಊಟದ ಹೊತ್ತಿಗೆ, "ಒಂದೀಟ ತುಪ್ಪ ಹಾಕವಾ" ಎಂದು ಸೊಸೆಯನ್ನು ಕೇಳುತ್ತಿದ್ದಳಂತೆ.

"ಕೆಲವೊಮ್ಮೆ ಹಾಕತಿದ್ದಿಲ್ಲ ನಾ" ಎಂದಳು ಆಯಿ. "ಕೇಳಿಸಿಲ್ಲ ಅನ್ನೂಹಂಗ ಇರತಿದ್ದೆ."

ಪಯಣದ ವಿಷಯ ಎತ್ತಿದೆ. "ಹೋಗೂದಿಲ್ಲ ಅಂದ್ರ ಯಾಕ ಅಂತಾರ. ಹೋದ್ರ ಹೆಂಗ ಹೋಗ್ಲಿ? ನೀ ನನ್ನ ಕೈ ಬಿಡಬ್ಯಾಡ, ಅಷ್ಟ ಸಾಕು" ಎಂದಳು. ಬಿಡುವುದಿಲ್ಲ ಎಂದು ನಾನು ಆಣೆ ಮಾಡಿದೆ. ಆಗ ನನಗೆ ಸುಲಭವೆನಿಸಿತು.

ಹುಣ್ಣಿಮೆ ಮುಗಿದ ಮೂರನೆಯ ದಿನ ಅಪ್ಪ ನಮ್ಮನ್ನು ಚಕ್ಕಡಿಯಲ್ಲಿ ಸ್ಟೇಷನ್ನಿಗೆ ಕರೆತಂದು ಸೊಲ್ಲಾಪುರದ ಗಾಡಿ ಹತ್ತಿಸಿದ. ಆಯಿ ಅಂದಿದ್ದಂತೆ ಪಕ್ಕದ ಮನೆಯಾಕೆಯೂ ಬಂದು ನಿಂತಿದ್ದಳು. ಕಾಕಾನ ಮನೆಯಲ್ಲಿ ಎರಡು ದಿನ ಉಳಿದು ತಂಡದ ಜೊತೆ ಮುಂದೆ ಹೋಗಬೇಕಿತ್ತು. ಸಣ್ಣ ಮನೆ, ಕಟ್ಟಿದ ಗಂಟುಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಗಿರಣಿಯ ಭೋಂಗಾ ಕೂಗಿದಾಗೆಲ್ಲ ಆಯಿ ಬೆಚ್ಚಿ ನನ್ನ ಕೈ ಹುಡುಕುತ್ತಿದ್ದಳು. ಹೊಸ ಮನೆಯಾದ್ದರಿಂದ ಹೊತ್ತು ಮುಳುಗಿದ ಮೇಲೆ ಅವಳಿಗೆ ಹೊಸ್ತಿಲು ಎಲ್ಲಿ, ನೀರಿನ ಹಂಡೆ ಎಲ್ಲಿ ಎಂಬ ನೆನಪಿರಲಿಲ್ಲ. ನಾನು ಬಚ್ಚಲಿಗೂ ಅವಳ ಜೊತೆ ಹೋಗಬೇಕಾಯಿತು. ಕಾಕಾನ ಹೆಂಡತಿ ಕಾಕು ಅದನ್ನು ನೋಡಿ, "ಮೊಮ್ಮಗಳಿಗೆ ಆಯಿ ಮ್ಯಾಲ ಭಾಳ ಜೀವ" ಎಂದಳು.

ತಂಡದ ಮುಂದಾಳು ಒಬ್ಬ ವಯಸ್ಸಾದ ಬಟ್ಟೆ ವ್ಯಾಪಾರಿ. ಮೂರು ಸಲ ಕಾಶಿ ಕಂಡವರು. ನಾವು ತಲುಪಿದ ದಿನವೇ ಮಧ್ಯಾಹ್ನ ಬಂದು ಎಲ್ಲ ವಿವರಿಸಿದರು. ಗಾಡಿಯನ್ನು ಎಲ್ಲೆಲ್ಲಿ ಬದಲಿಸಬೇಕು, ಸಂಗಮದಲ್ಲಿ ದೋಣಿ ಹೇಗೆ ಹತ್ತಬೇಕು, ಘಾಟಿನ ಮೆಟ್ಟಿಲು ಎಷ್ಟು ಕಡಿದು.

"ಕತ್ತಲಿದ್ದಾಗನ ಸ್ನಾನ, ಗೊತ್ತಾತೇನ್ರಿ? ಮಂಜಿನ್ಯಾಗ ಮಗ್ಗಲದಾಂವ ಕಾಣೂದಿಲ್ಲ. ಕೈ ಬಿಟ್ಟವರು ಹೋದರು ಅಂತ ತಿಳೀರಿ. ಹ್ವಾದ ವರ್ಷ ಒಬ್ಬಾಕಿ ಮೂರ ದಿನ ಸಿಕ್ಕಿಲ್ಲ."

ನಾನು ಆಯಿಯ ಮುಖ ನೋಡಿದೆ. ಅವಳು ನಗುತ್ತಿದ್ದಳು. ಅಂಥ ನಗೆಯನ್ನು ನಾನು ಅವಳಲ್ಲಿ ಎಂದೂ ಕಂಡಿರಲಿಲ್ಲ.

ಸಂಜೆ ಕಾಕು ನಮ್ಮನ್ನು ಕೆರೆಯ ನಡುವಿನ ಗುಡಿಗೆ ಕರೆದೊಯ್ದಳು. ಕಾರ್ತಿಕವಾದ್ದರಿಂದ ಗುಡಿಗೆ ಹೋಗುವ ದಾರಿಯುದ್ದಕ್ಕೂ ದೀಪ, ಎರಡೂ ಕಡೆ ನೀರು, ನಡುವೆ ನೂಕುನುಗ್ಗಲು. ಎದುರಿನಿಂದ ಒಂದು ಗುಂಪು ಒಮ್ಮೆಲೆ ಬಂತು. ನನ್ನ ಸೆರಗನ್ನು ಯಾರೋ ತುಳಿದರು, ನಾನು ಅದನ್ನು ಎಳೆದುಕೊಳ್ಳಲು ಬಗ್ಗಿದೆ. ಎದ್ದಾಗ ನನ್ನ ಕೈಯಲ್ಲಿ ಆಯಿಯ ಕೈ ಇರಲಿಲ್ಲ.

ಎಷ್ಟು ಹೊತ್ತು ಹುಡುಕಿದೆನೋ ತಿಳಿಯದು. ಬಹಳ ಇರಲಾರದು, ಮುಂದೆ ನಡೆದಿದ್ದ ಕಾಕು ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಯಿ ನೀರಿಗಿಳಿಯುವ ಮೆಟ್ಟಿಲ ಅಂಚಿನಲ್ಲಿ ನಿಂತಿದ್ದಳು. ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ದೀಪದ ಸಾಲಿನ ಕಡೆ ಬೆನ್ನು ಹಾಕಿ ಕೆರೆಯ ಕಡೆಗೆ ಮುಖ ಮಾಡಿದ್ದಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನೀರು. ಅವಳು ನನ್ನನ್ನು ಕೂಗಲೂ ಇಲ್ಲ. ಕೂಗಿದರೆ ಕಾಕುವಿಗೆ ಗೊತ್ತಾಗುತ್ತಿತ್ತು.

ನಾನು ಅವಳನ್ನು ಹಿಂದಕ್ಕೆ ಎಳೆದು ಕಟ್ಟೆಯ ಮೇಲೆ ಕೂರಿಸಿದೆ. ಆಯಿಗೆ ದಣಿವಾಗಿದೆ ಎಂದು ಹೇಳಿ ಕಾಕುವನ್ನು ಮುಂದೆ ಗುಡಿಗೆ ಕಳಿಸಿದೆ.

"ಇಲ್ಲೇ ಹಿಂಗಾದ್ರ ಅಲ್ಲಿ ಹೆಂಗ ಆಯಿ?"

"ಹೋಗ್ತೇನಂತ ಅಂದಾಗೈತಿ, ಹೋಗಬೇಕು. ಊರ ಮಂದಿ ಸಾಮಾನೆಲ್ಲಾ ನನ್ನ ಗಂಟಿನ್ಯಾಗ ಅದಾವು." ಆಮೇಲೆ ನನ್ನ ಕಡೆ ತಿರುಗದೆ, "ನೀನ ಏನರ ಬರೂದಿಲ್ಲ ಅಂದಿದ್ರ ಬ್ಯಾರೆ ಮಾತಿತ್ತು. ಹುಡುಗಿ ಬಿಟ್ಟು ನಾ ಒಬ್ಬಾಕಿ ಹೋಗೂದಿಲ್ಲ ಅಂತಿದ್ದೆ" ಎಂದಳು.

ಅವಳು ಏನು ಕೇಳುತ್ತಿದ್ದಾಳೆ ಎಂದು ನನಗೆ ತಿಳಿಯಿತು. ತಿಳಿದದ್ದಕ್ಕೆ ಸಿಟ್ಟು ಬಂತು. ಕಾಶಿಗೆ ಹೋಗುತ್ತೇನೆಂದು ನಾನು ಹೇಳಿರಲಿಲ್ಲ, ಹೇಳಿದವಳು ಅವಳು. ಬಿಡಿಸಬೇಕಾದವಳು ಮಾತ್ರ ನಾನು. ಮನೆಗೆ ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಹೋದರೆ ಹಗಲೂ ರಾತ್ರಿ ಆ ಕೈಗೆ ಕಟ್ಟಿಹಾಕಿಕೊಂಡಂತೆ ಇರಬೇಕು, ಒಂದು ಕ್ಷಣ ಸಡಿಲಿಸಿದರೆ ಅವಳ ಜೀವ. ನಿಂತರೆ ದುಧನಿಯವರು. ಕಣ್ಣಿನ ಸಂಗತಿ ಹೇಳಿಬಿಟ್ಟರೆ ನಾನು ಪಾರಾಗಬಹುದು, ಆಯಿ ಮೂಲೆಗೆ ಹೋಗುತ್ತಾಳೆ. ಜ್ವರವೆಂದು ಮಲಗಿದರೆ ಕಾಕಾ ಕಷಾಯ ಕುಡಿಸಿ ಹೊತ್ತೊಯ್ಯುತ್ತಾನೆ. ಹೆದರಿಕೆ ಎಂದರೆ ನಕ್ಕು ಕರೆದೊಯ್ಯುತ್ತಾನೆ. ಆ ದೊಡ್ಡವರೆಲ್ಲ ಕೇಳಿ ಸುಮ್ಮನಾಗುವಂಥ ಕಾರಣ ನನ್ನ ಹತ್ತಿರ ಒಂದೇ ಇತ್ತು.

ಮರುದಿನ ಬೆಳಿಗ್ಗೆ ಮುಂದಾಳು ಟಿಕೇಟಿನ ವಿಷಯ ಹೇಳಲು ಬಂದಾಗ ಕಾಕಾ, ಕಾಕು, ಆಯಿ ಎಲ್ಲರೂ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ.

"ನಾ ಬರೂದಿಲ್ಲ."

"ಯಾಕವಾ? ಏನಾತು?" ಎಂದ ಕಾಕಾ.

"ನನ್ನ ನೋಡಾಕ ಬರಾವ್ರು ತಿರಿಗಿ ಹೋಗತಾರ. ನನಗ ಅಲ್ಲೇ ಲಗ್ನ ಆಗಬೇಕು."

ಮುಂದಾಳು ತಮ್ಮ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಮೊದಲು ನಕ್ಕವಳು ಕಾಕು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ಕಾಕಾನ ಮುಖ ಕೆಂಪಾಯಿತು. ಆಗ ಆಯಿ ಎದ್ದಳು.

"ನಾಚಿಕಿ ಮಾನ ಏನರ ಐತೇನ ನಿನಗ? ಗಂಡನ್ನ ಕಂಡಿಲ್ಲ, ಕೇಳಿಲ್ಲ, ಇಷ್ಟ ಅವಸರ! ಗಂಗವ್ವನ್ನ ಬಿಟ್ಟು ಗಂಡ ಬೇಕಂತ ಕುಂತಾಳ ನೋಡ್ರಿ. ನಿಮ್ಮವ್ವ ಹಿಂಗ ಕಲಸ್ಯಾಳೇನ?"

ಎಲ್ಲರೂ ಕೇಳುವಂತೆ, ಓಣಿಗೂ ಕೇಳುವಂತೆ ಬೈದಳು. ನಾನು ಕೊಡುವ ಕಾರಣ ಅವಳಿಗೆ ಮೊದಲೇ ಗೊತ್ತಿರಲಿಲ್ಲ ನಿಜ, ಆದರೆ ಸಿಕ್ಕಿದ್ದನ್ನು ಅವಳು ಬಿಡಲಿಲ್ಲ. ನಾನು ಅವಳಿಗಾಗಿ ಹೇಳಿದ ಸುಳ್ಳನ್ನು ಅವಳೇ ನನ್ನ ಮೇಲೆ ಎತ್ತಿ ಎತ್ತಿ ಹಾಕಿದಳು. ಕೊನೆಗೆ ಕುಸಿದು ಕೂತು, "ಈ ಹುಡುಗಿ ಇಲ್ಲದ ನಾ ಹೋಗಾಕಿಲ್ಲ. ನನ್ನ ಹಣಿಬಾರದಾಗ ಇಲ್ಲ. ಮಂದಿ ಕೊಟ್ಟದ್ದೆಲ್ಲಾ ನೀವ ಒಯ್ದು ಮುಟ್ಟಿಸ್ರಿ" ಎಂದು ಮುಂದಾಳಿಗೆ ಕೈಮುಗಿದಳು. ಕಾಲುಂಗುರ ಅವರ ಕೈಗೆ ಹೋಯಿತು. ಮರುದಿನ ತಂಡ ಹೊರಟಿತು, ನಾವು ಊರಿಗೆ ಬಂದೆವು.

ರೈಲಿನಲ್ಲಿ ಆಯಿ ನನ್ನ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಬಂದಳು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಜೋಳದ ಹೊಲ ಮೊಣಕಾಲೆತ್ತರ ಬಂದಿತ್ತು.

ಊರಲ್ಲಿ ಆಯಿಯನ್ನು ಯಾರೂ ಏನೂ ಅನ್ನಲಿಲ್ಲ, ಪಾಪ ಎಂದರು. ನನ್ನನ್ನು ಕಂಡವರು ನಕ್ಕರು. ಅಪ್ಪ ಎಂಟು ದಿನ ನನ್ನ ಜೊತೆ ಮಾತು ಬಿಟ್ಟ. ಅವ್ವ ಒಮ್ಮೆ ಮಾತ್ರ ಕೇಳಿದಳು, "ಖರೇನ ಅಂದೇನ ನೀ ಹಂಗ?" ನಾನು ಹೂಂ ಎಂದೆ. ಅವ್ವ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಎಷ್ಟು ಗೊತ್ತಿತ್ತೋ ನನಗೆ ಇಂದಿಗೂ ತಿಳಿದಿಲ್ಲ. ಆ ಚಳಿಗಾಲದಿಂದ ಹೊತ್ತು ಮುಳುಗುವ ಮೊದಲೇ ಕೋಣೆಯಿಂದ ಬೇಕಾದ ಸಾಮಾನು ಕೇಳತೊಡಗಿದಳು ಎಂಬುದು ಮಾತ್ರ ನಿಜ.

ಮಾರ್ಗಶಿರದಲ್ಲಿ ದುಧನಿ ಕಡೆಯವರು ಬಂದರು. ಅಷ್ಟು ಹೊತ್ತಿಗೆ ಸುದ್ದಿ ಅವರಿಗೂ ಮುಟ್ಟಿತ್ತು. ಇಂಥ ಮಾತಾಡಿದ ಹುಡುಗಿ ಬೇಡವೆಂದು ತಿರುಗಿ ಹೋಗುತ್ತಾರೆ ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಅವರು ಹೋಗಲಿಲ್ಲ. ಹುಡುಗನ ತಂದೆ ನಕ್ಕು, "ನಮ್ಮ ಮನಿ ಮ್ಯಾಲ ಇಷ್ಟ ಮನಸಿದ್ದಾಕಿ ಬ್ಯಾರೆ ಎಲ್ಲಿ ಸಿಗತಾಳ್ರಿ?" ಎಂದರು. ಒಪ್ಪಿಗೆ ಕೇಳಲು ನನ್ನ ಕಡೆ ಯಾರೂ ತಿರುಗಲಿಲ್ಲ. ನಾನು ಅದನ್ನು ಮೊದಲೇ ಕೊಟ್ಟಾಗಿತ್ತು.

ವೈಶಾಖದಲ್ಲಿ ಲಗ್ನವಾಯಿತು. ಹೊರಡುವ ಹೊತ್ತಿಗೆ ಆಯಿ ನನ್ನ ಮುಖವನ್ನು ಎರಡೂ ಕೈಯಿಂದ ಸವರಿ, ಕಿವಿಯ ಹತ್ತಿರ, "ನನ್ನ ಮ್ಯಾಲ ಸಿಟ್ಟ ಐತೇನ?" ಎಂದಳು. ನಾನು ಉತ್ತರ ಕೊಡಲಿಲ್ಲ. ಇಲ್ಲ ಎಂದಿದ್ದರೆ ಸುಳ್ಳಾಗುತ್ತಿತ್ತು, ಆಗ ಇನ್ನೊಂದು ಸುಳ್ಳಿಗೆ ನನ್ನಲ್ಲಿ ಬಲವಿರಲಿಲ್ಲ. ಅವಳು ಮುಂದೆ ನಾಲ್ಕು ವರ್ಷ ಬದುಕಿದಳು. ನಾನು ಎರಡು ಬಾಣಂತನಕ್ಕೆ ಹೋದಾಗಲೂ ಆ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನ್ನ ಗಂಡ ಒಳ್ಳೆಯವರು. ಅದನ್ನು ನಾನು ಹೇಳಲೇಬೇಕು. ಆ ಮನೆಯಲ್ಲಿ ಅತ್ತೆ ದನಿ ಎತ್ತಿದಾಗ ನನ್ನ ಪರ ನಿಲ್ಲುತ್ತಿದ್ದರು, ಪೇಟೆಗೆ ಹೋದರೆ ನನಗೆಂದು ಓದಲು ಏನಾದರೂ ತರುತ್ತಿದ್ದರು. ಮೊದಲ ವರ್ಷವೇ ಒಂದು ದಿನ ಅದಕ್ಕೆ ಕಾರಣ ಹೇಳಿದರು. "ಕಾಶಿ ಬಿಟ್ಟು ನನ್ನ ಸಲುವಾಗಿ ನಿಂತಾಕಿ ನೀ. ನಾ ನಿನಗ ಕಮ್ಮಿ ಮಾಡಿದ್ರ ದೇವರ ಮೆಚ್ಚಾಂವಲ್ಲ." ಆ ದಿನವೇ ನಿಜ ಹೇಳಬೇಕಿತ್ತು. ಬಾಯಿ ತೆರೆದೆ, ಅವರ ಮುಖ ನೋಡಿ ಮುಚ್ಚಿದೆ. ಆಮೇಲೆ ಹೇಳಲು ದಿನ ಸಿಗಲೇ ಇಲ್ಲ. ಬೀಗರು ಬಂದಾಗಲೆಲ್ಲ ಅವರು ಪಡಸಾಲೆಯಲ್ಲಿ ಕೂತು ಈ ಕತೆ ತೆಗೆಯುತ್ತಿದ್ದರು. ಹೇಳುತ್ತ ಹೇಳುತ್ತ ಅದಕ್ಕೆ ಒಂದಿಷ್ಟು ಸೇರಿಸುತ್ತಿದ್ದರು, ನಾನು ಗೊಳೋ ಎಂದು ಅತ್ತೆನೆಂದು, ಮುಂದಾಳಿನ ಕಾಲು ಹಿಡಿದೆನೆಂದು. ಎಲ್ಲರೂ ಒಳಗಿನ ಕಡೆ ತಿರುಗಿ ನಗುವರು. ನಾನು ಒಲೆಯ ಮುಂದೆ ಕೂತು, ಎಷ್ಟು ಮಂದಿ ಬಂದಿದ್ದಾರೆಂದು ದನಿಯ ಮೇಲೆ ಲೆಕ್ಕ ಹಿಡಿದು ಚಹಾಕ್ಕೆ ನೀರು ಇಡುತ್ತಿದ್ದೆ.